280 ಡಿಗ್ರಿ: ಮಂತ್ರಿಗಳ ಲಿಖಿತ ಉತ್ತರವನ್ನು ಓದುವ ಬಗೆ



ಬುಧವಾರ ಮಧ್ಯಾಹ್ನ ಟೀವಿ ಹಾಕಿದರೆ ವೆಸ್ಟ್‌ಮಿನ್‌ಸ್ಟರಿನಲ್ಲಿ ಪ್ರಧಾನಮಂತ್ರಿಗಳ ಪ್ರಶ್ನೋತ್ತರ ನಮಗೆಲ್ಲ ಕಾಣಸಿಗುತ್ತದೆ. ವಿರೋಧಪಕ್ಷದ ನಾಯಕರು ಒಂದು ಮಾತು ಎಸೆಯುತ್ತಾರೆ, ಪ್ರಧಾನಿ ಅದನ್ನು ತಿರುಗಿಸಿ ಎಸೆಯುತ್ತಾರೆ, ಹಿಂದಿನ ಬೆಂಚುಗಳಿಂದ ಹೋ ಎಂಬ ಸದ್ದು ಏಳುತ್ತದೆ. ತಾಳಮದ್ದಳೆಯ ವಾಗ್ವಾದ ಕೇಳಿ ಬೆಳೆದವರಿಗೆ ಇದೇನೂ ಹೊಸದಲ್ಲ. ಅರ್ಧ ಗಂಟೆಯಲ್ಲಿ ಪ್ರಸಂಗ ಮುಗಿಯುತ್ತದೆ. ಮರುದಿನ ಯಾರು ಗೆದ್ದರೆಂದು ಪತ್ರಿಕೆಗಳು ಅಂಕ ಕೊಡುತ್ತವೆ. ಅದರ ಮರುದಿನ ಯಾರಿಗೂ ಏನೂ ನೆನಪಿರುವುದಿಲ್ಲ.

ಅದೇ ಕಟ್ಟಡದಲ್ಲಿ ಇನ್ನೊಂದು ಬಗೆಯ ಪ್ರಶ್ನೆಗಳು ದಿನವೂ ಸಲ್ಲಿಕೆಯಾಗುತ್ತವೆ. ಅವುಗಳಿಗೆ ಕ್ಯಾಮೆರಾ ಇಲ್ಲ, ಚಪ್ಪಾಳೆ ಇಲ್ಲ. ಸದಸ್ಯರು ಬರೆದು ಕೊಡುತ್ತಾರೆ, ಮಂತ್ರಿಗಳು ಬರೆದು ಉತ್ತರಿಸುತ್ತಾರೆ, ಉತ್ತರ ಸದನದ ದಾಖಲೆಯಲ್ಲಿ ಸೇರಿಹೋಗುತ್ತದೆ. ವರ್ಷಕ್ಕೆ ಹತ್ತಾರು ಸಾವಿರ ಸಂಖ್ಯೆಯಲ್ಲಿ ಹೀಗೆ ಸೇರುವ ಈ ಪ್ರಶ್ನೋತ್ತರಗಳನ್ನು ಓದುವವರು ಬೆರಳೆಣಿಕೆಯಷ್ಟು ಮಂದಿ. ಆದರೂ ಕಳೆದ ಶತಮಾನದಲ್ಲಿ ಸರ್ಕಾರಗಳನ್ನು ನಿಜವಾಗಿ ಕಂಗೆಡಿಸಿದ ಕೆಲವು ಪ್ರಕರಣಗಳ ಬೇರು ಹುಡುಕುತ್ತ ಹೋದರೆ ನಾವು ತಲುಪುವುದು ಇಂಥ ಸದ್ದಿಲ್ಲದ ಸಾಲುಗಳಿಗೆ. ಒಮ್ಮೆಯಂತೂ ಬರಿಯ ಒಂದು ಸಂಖ್ಯೆ, 280 ಡಿಗ್ರಿ ಎಂಬ ದಿಕ್ಕಿನ ಲೆಕ್ಕ, ಈ ದೇಶದ ಅತ್ಯಂತ ಬಲಶಾಲಿ ಪ್ರಧಾನಿಯೊಬ್ಬರನ್ನು ವರ್ಷಗಟ್ಟಲೆ ಕಾಡಿತು.

ಆ ಕಥೆಯನ್ನು ಈ ಸಲ ನಿಮ್ಮೊಂದಿಗೆ ಹಂಚಿಕೊಳ್ಳಬೇಕೆಂದಿದ್ದೇವೆ. ಅದಕ್ಕೆ ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ.

ಓಡಿಹೋದ ಖಜಾಂಚಿ, ಹುಟ್ಟಿದ ಪ್ರಶ್ನೆ

ಬ್ರಿಟಿಷ್ ಸಂಸತ್ತಿನಲ್ಲಿ ದಾಖಲಾಗಿರುವ ಮೊದಲ ಪ್ರಶ್ನೆ 1721ರದು. ಹಿಂದಿನ ವರ್ಷವಷ್ಟೇ ಸೌತ್ ಸೀ ಕಂಪನಿಯ ಷೇರುಗಳು ಗಾಳಿಗುಳ್ಳೆಯಂತೆ ಉಬ್ಬಿ ಒಡೆದು, ಸಾವಿರಾರು ಮನೆಗಳು ದಿವಾಳಿಯಾಗಿದ್ದವು. ಕಂಪನಿಯ ಖಜಾಂಚಿ ರಾಬರ್ಟ್ ನೈಟ್ ದೇಶ ಬಿಟ್ಟು ಓಡಿಹೋಗಿದ್ದ. ಅವನನ್ನು ಬ್ರಸೆಲ್ಸ್ ಕಡೆ ಹಿಡಿದಿದ್ದಾರೆಂಬ ಸುದ್ದಿ ಹಬ್ಬಿತು. ಅದು ನಿಜವೇ ಎಂದು ಲಾರ್ಡ್ಸ್ ಸಭೆಯಲ್ಲಿ ಅರ್ಲ್ ಕೌಪರ್ ಎದ್ದು ಕೇಳಿದರು, ಸರ್ಕಾರದ ಪರವಾಗಿ ಅರ್ಲ್ ಆಫ್ ಸಂಡರ್‌ಲ್ಯಾಂಡ್ ಉತ್ತರಿಸಿದರು. ಜನರ ಹಣ ನುಂಗಿದವನ ವಿಷಯದಲ್ಲಿ ಸರ್ಕಾರಕ್ಕೆ ಏನು ಗೊತ್ತು ಎಂಬುದೇ ಮೊದಲ ಪ್ರಶ್ನೆಯಾದದ್ದು ಕಾಕತಾಳೀಯವಿರಬಹುದು. ಆದರೆ ಮುಂದಿನ ಮುನ್ನೂರು ವರ್ಷಗಳ ಪ್ರಶ್ನೆಗಳಲ್ಲಿ ಬಹುಪಾಲು ಇದೇ ಜಾತಿಯವು.

ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಪ್ರಶ್ನೆಗಳು ಎಷ್ಟು ಹೆಚ್ಚಿದವೆಂದರೆ ಸದನದ ಸಮಯವೇ ಸಾಲದಾಯಿತು. ಐರ್ಲೆಂಡಿನ ಸದಸ್ಯರಂತೂ ಪ್ರಶ್ನೆಯನ್ನೇ ಆಯುಧ ಮಾಡಿಕೊಂಡಿದ್ದರು. 1902ರಲ್ಲಿ ಆರ್ಥರ್ ಬಾಲ್ಫರ್ ಅವರ ಸುಧಾರಣೆ ಬಂತು. ಸದನದಲ್ಲಿ ಬಾಯಿಮಾತಿನ ಉತ್ತರ ಬೇಕಾದವರು ಪ್ರಶ್ನೆಗೆ ನಕ್ಷತ್ರದ ಗುರುತು ಹಾಕಬೇಕು, ಉಳಿದ ಪ್ರಶ್ನೆಗಳಿಗೆ ಉತ್ತರವನ್ನು ಅಚ್ಚುಹಾಕಿ ಕೊಡಲಾಗುವುದು ಎಂದಾಯಿತು. ಲಿಖಿತ ಪ್ರಶ್ನೆ ಒಂದು ಪದ್ಧತಿಯಾಗಿ ನೆಲೆಯಾದದ್ದು ಹೀಗೆ, ಸಮಯ ಉಳಿಸುವ ಉಪಾಯವಾಗಿ. ಅದು ಮುಂದೆ ಮಂತ್ರಿಗಳ ಕುತ್ತಿಗೆಗೆ ಬರುತ್ತದೆಂದು ಬಾಲ್ಫರ್ ಬಹುಶಃ ಎಣಿಸಿರಲಿಕ್ಕಿಲ್ಲ.

ಇಂದಿನ ಕ್ರಮ ಸರಳ. ಸದಸ್ಯರು ಪ್ರಶ್ನೆ ಬರೆದು ಸದನದ ಕಚೇರಿಗೆ ಸಲ್ಲಿಸಬೇಕು. ಅಲ್ಲಿನ ಗುಮಾಸ್ತರು ಅದನ್ನು ಸೋಸುತ್ತಾರೆ. ಪ್ರಶ್ನೆ ಮಾಹಿತಿಯನ್ನು ಕೇಳಬೇಕು ಅಥವಾ ಕ್ರಮವನ್ನು ಒತ್ತಾಯಿಸಬೇಕು, ಅದರೊಳಗೆ ಭಾಷಣವಿರಕೂಡದು, ಆಧಾರವಿಲ್ಲದ ಆರೋಪವಿರಕೂಡದು, ವಿಷಯ ಆ ಮಂತ್ರಿಯ ಹೊಣೆಗೆ ಸೇರಿದ್ದಾಗಿರಬೇಕು. ಸಾಮಾನ್ಯ ಪ್ರಶ್ನೆಗೆ ಸುಮಾರು ಒಂದು ವಾರದಲ್ಲಿ ಉತ್ತರ ಬರಬೇಕೆಂಬುದು ರೂಢಿ. ಉತ್ತರದ ಕರಡು ಬರೆಯುವವರು ಇಲಾಖೆಯ ಅಧಿಕಾರಿಗಳು. ಅದನ್ನು ಓದಿ ಒಪ್ಪಿ ತಮ್ಮ ಹೆಸರಿನಲ್ಲಿ ಹೊರಗೆ ಬಿಡುವವರು ಮಂತ್ರಿಗಳು. ಈ ಕೊನೆಯ ಮಾತನ್ನು ನೆನಪಿಡಿ. ಯಾರೋ ಗುಮಾಸ್ತ ಹೇಳಿದ, ಯಾರೋ ವಕ್ತಾರ ಹೇಳಿದ ಎಂದು ಆಮೇಲೆ ಜಾರಿಕೊಳ್ಳಲು ಇಲ್ಲಿ ಆಗುವುದಿಲ್ಲ.

ಜಾರಲು ಬೇರೆ ದಾರಿಗಳಿವೆ ಅನ್ನಿ! ಮಾಹಿತಿ ಸಂಗ್ರಹಿಸಲು ಖರ್ಚು ಹೆಚ್ಚು ಎನ್ನಬಹುದು. ರಾಷ್ಟ್ರದ ಭದ್ರತೆ ಎನ್ನಬಹುದು. ಮಾನ್ಯ ಸದಸ್ಯರಿಗೆ ಪತ್ರ ಬರೆಯುತ್ತೇನೆ ಎನ್ನಬಹುದು. ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು ನಮ್ಮ ಗಾದೆಯ ದಾರಿ: ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಉತ್ತರಿಸುವುದು. ಎರಡೂ ಕಡೆ ಬೆಳಕು ಬಿದ್ದಂತೆಯೂ ಇರಬೇಕು, ಯಾವ ಕಡೆಯೂ ಏನೂ ಕಾಣಕೂಡದು.

ಭಾರತಕ್ಕೆ ಬಂದ ನಕ್ಷತ್ರ

ನಮ್ಮವರಿಗೂ ಈ ಪ್ರಶ್ನೆಯ ಹಕ್ಕು ಸುಲಭವಾಗಿ ದಕ್ಕಿದ್ದಲ್ಲ. 1892ರಲ್ಲಿ ದಾದಾಭಾಯಿ ನವರೋಜಿ ಲಂಡನ್ನಿನ ಸೆಂಟ್ರಲ್ ಫಿನ್ಸ್‌ಬರಿಯಿಂದ ಕಾಮನ್ಸ್ ಸಭೆಗೆ ಆರಿಸಿ ಬಂದು, ಭಾರತದ ಬಗ್ಗೆ ಪ್ರಶ್ನೆ ಕೇಳತೊಡಗಿದರು. ಅದೇ ವರ್ಷದ ಇಂಡಿಯನ್ ಕೌನ್ಸಿಲ್ಸ್ ಕಾಯಿದೆ ಭಾರತದ ಶಾಸನ ಪರಿಷತ್ತುಗಳ ಸದಸ್ಯರಿಗೂ ಪ್ರಶ್ನೆ ಕೇಳಲು ಅವಕಾಶ ಮಾಡಿಕೊಟ್ಟಿತು. ಆದರೆ ಉಪಪ್ರಶ್ನೆ ಕೇಳುವಂತಿರಲಿಲ್ಲ. ಸರ್ಕಾರ ಹೇಳಿದ್ದನ್ನು ಕೇಳಿಸಿಕೊಂಡು ಕುಳಿತುಕೊಳ್ಳಬೇಕು. ಮೂಲ ಪ್ರಶ್ನೆ ಕೇಳಿದವರು ಒಂದು ಉಪಪ್ರಶ್ನೆ ಕೇಳಬಹುದು ಎಂಬ ಸಣ್ಣ ಸವಲತ್ತಿಗಾಗಿ 1909ರ ಸುಧಾರಣೆಯವರೆಗೆ ಕಾಯಬೇಕಾಯಿತು. ಒಂದು ಮಾತಿಗೆ ಇನ್ನೊಂದು ಮಾತು ಸೇರಿಸಲು ಹದಿನೇಳು ವರ್ಷ!

ಆ ನಕ್ಷತ್ರದ ಗುರುತು ಲೋಕಸಭೆಯಲ್ಲಿಯೂ ಉಳಿದುಕೊಂಡಿದೆ. ಬೆಂಗಳೂರಿನ ವಿಧಾನಸೌಧದಲ್ಲಿ ಅದರ ಹೆಸರು 'ಚುಕ್ಕೆ ಗುರುತಿನ ಪ್ರಶ್ನೆ'. ಬರಹದಲ್ಲಷ್ಟೇ ಉತ್ತರ ಬರುವುದು 'ಚುಕ್ಕೆ ಗುರುತಿಲ್ಲದ ಪ್ರಶ್ನೆ'. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆಯವು 20, ಚುಕ್ಕೆ ಇಲ್ಲದವು 230. ಚುಕ್ಕೆಯ 20ರಲ್ಲಿಯೂ ಸದನದಲ್ಲಿ ಸರದಿ ಬರುವುದು ಕೆಲವಕ್ಕೆ ಮಾತ್ರ, ಉಳಿದವಕ್ಕೂ ಲಿಖಿತ ಉತ್ತರವೇ ಗತಿ.

ದಾಖಲೆಯಲ್ಲಿ ಅಚ್ಚಾದ ಉತ್ತರ ಏನು ಮಾಡಬಲ್ಲದು ಎಂಬುದನ್ನು ಭಾರತದ ಸಂಸತ್ತು ಬೇಗನೆ ಕಂಡಿತು. 1957ರ ಜೂನ್ ತಿಂಗಳಲ್ಲಿ ಹೊಸದಾಗಿ ರಾಷ್ಟ್ರೀಕರಣವಾಗಿದ್ದ ಜೀವವಿಮಾ ನಿಗಮ ಹರಿದಾಸ್ ಮುಂದ್ರಾ ಎಂಬ ಕಲ್ಕತ್ತೆಯ ವ್ಯಾಪಾರಿಯ ಆರು ಕಂಪನಿಗಳ ಷೇರುಗಳನ್ನು ಸುಮಾರು 1.24 ಕೋಟಿ ರೂಪಾಯಿಗೆ ಕೊಂಡಿತು. ಆ ಕಂಪನಿಗಳ ಸ್ಥಿತಿ ಚೆನ್ನಾಗಿಲ್ಲವೆಂದು ಷೇರುಪೇಟೆಗೆಲ್ಲ ಗೊತ್ತಿತ್ತು. ಪಾಲಿಸಿ ಮಾಡಿಸಿದ್ದ ಬಡ ಮೇಷ್ಟರು, ಗುಮಾಸ್ತರು ಕಟ್ಟಿದ ಕಂತಿನ ಹಣ ಅದು. ಸೆಪ್ಟೆಂಬರ್ ಮತ್ತು ನವೆಂಬರ್ ತಿಂಗಳಲ್ಲಿ ಲೋಕಸಭೆಯಲ್ಲಿ ಈ ಬಗ್ಗೆ ಪ್ರಶ್ನೆಗಳು ಬಂದವು. ಇವು ಸದನದಲ್ಲಿ ಕೇಳಿದ ಪ್ರಶ್ನೆಗಳೇ ಆದರೂ ಉತ್ತರಗಳೆಲ್ಲ ನಡಾವಳಿಯಲ್ಲಿ ಅಚ್ಚಾದವು. ಹಣಕಾಸು ಖಾತೆಯ ಉತ್ತರಗಳು ಸ್ಪಷ್ಟವಿರಲಿಲ್ಲ, ಒಂದಕ್ಕೊಂದು ಕೂಡಿಬರುತ್ತಲೂ ಇರಲಿಲ್ಲ. ಆಳುವ ಕಾಂಗ್ರೆಸ್ಸಿನ ಸದಸ್ಯರೇ, ಅದರಲ್ಲೂ ಪ್ರಧಾನಿ ನೆಹರೂ ಅವರ ಅಳಿಯನೇ ಆದ ಫಿರೋಜ್ ಗಾಂಧಿ, ಆ ಉತ್ತರಗಳನ್ನು ಜೋಡಿಸಿಟ್ಟುಕೊಂಡು ಡಿಸೆಂಬರ್ 16ರಂದು ಸದನದ ಮುಂದೆ ಬಿಡಿಸಿ ಇಟ್ಟರು. ಮುಖ್ಯ ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಅವರ ಆಯೋಗ ಬಹಿರಂಗ ವಿಚಾರಣೆ ನಡೆಸಿತು. 1958ರ ಫೆಬ್ರವರಿಯಲ್ಲಿ ಹಣಕಾಸು ಮಂತ್ರಿ ಟಿ. ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ಇದೇ ಫಿರೋಜ್ ಗಾಂಧಿ ಇನ್ನೊಂದು ಕೆಲಸ ಮಾಡಿದ್ದರು. ಸಂಸತ್ತಿನ ನಡಾವಳಿಯನ್ನು ಪ್ರಾಮಾಣಿಕವಾಗಿ ವರದಿ ಮಾಡುವ ಪತ್ರಿಕೆಗಳಿಗೆ ರಕ್ಷಣೆ ಕೊಡುವ ಕಾಯಿದೆ 1956ರಲ್ಲಿ ಬಂದದ್ದು ಅವರ ಖಾಸಗಿ ಮಸೂದೆಯಿಂದ. ಸದನದ ಮಾತು ಸದನದ ಗೋಡೆಯೊಳಗೇ ಉಳಿದರೆ ಏನು ಬಂತು? 1975ರಲ್ಲಿ ತುರ್ತು ಪರಿಸ್ಥಿತಿ ಬಂದಾಗ ಪ್ರಶ್ನೋತ್ತರ ವೇಳೆಯನ್ನೇ ಅಮಾನತಿನಲ್ಲಿಟ್ಟರು. 1976ರಲ್ಲಿ ಈ ಕಾಯಿದೆಯನ್ನೂ ರದ್ದು ಮಾಡಿದರು. ಆಗ ಪ್ರಧಾನಿಯಾಗಿದ್ದವರು ಫಿರೋಜರ ಪತ್ನಿ ಇಂದಿರಾ ಗಾಂಧಿ. 1977ರಲ್ಲಿ ಜನತಾ ಸರ್ಕಾರ ಅದನ್ನು ಮತ್ತೆ ತಂದಿತು. ಅಧಿಕಾರಕ್ಕೆ ಯಾವುದರ ಭಯ ಎಂಬುದನ್ನು ಅದು ಮೊದಲು ಮುಚ್ಚುವ ಬಾಗಿಲೇ ಹೇಳುತ್ತದೆ.

ಹಡಗು ಯಾವ ಕಡೆ ಹೋಗುತ್ತಿತ್ತು?

ಈಗ ನಾವಿರುವ ದೇಶಕ್ಕೆ, 280 ಡಿಗ್ರಿಯ ಕಥೆಗೆ ಬರೋಣ.

1982ರ ಏಪ್ರಿಲ್ 2ರಂದು ಅರ್ಜೆಂಟೀನಾ ಫಾಕ್‌ಲ್ಯಾಂಡ್ ದ್ವೀಪಗಳನ್ನು ಆಕ್ರಮಿಸಿತು. ಮಾರ್ಗರೆಟ್ ಥ್ಯಾಚರ್ ಸರ್ಕಾರ ನೌಕಾಪಡೆಯನ್ನು ಕಳಿಸಿತು. ದ್ವೀಪಗಳ ಸುತ್ತ 200 ನಾಟಿಕಲ್ ಮೈಲಿಯ ನಿಷೇಧಿತ ವಲಯವನ್ನು ಸಾರಲಾಯಿತು. ಮೇ 2ರಂದು ಬ್ರಿಟನ್ನಿನ ಅಣುಶಕ್ತಿಯ ಜಲಾಂತರ್ಗಾಮಿ ಕಾಂಕರರ್ ಅರ್ಜೆಂಟೀನಾದ ಜನರಲ್ ಬೆಲ್‌ಗ್ರಾನೊ ಎಂಬ ಯುದ್ಧನೌಕೆಯನ್ನು ಮುಳುಗಿಸಿತು. ಸತ್ತವರು 323 ಮಂದಿ. ಆ ಇಡೀ ಯುದ್ಧದಲ್ಲಿ ಅರ್ಜೆಂಟೀನಾ ಕಳೆದುಕೊಂಡವರಲ್ಲಿ ಸುಮಾರು ಅರ್ಧದಷ್ಟು ಮಂದಿ ಒಂದೇ ಹಡಗಿನವರು. ಹಡಗು ಮುಳುಗಿದ ಜಾಗ ನಿಷೇಧಿತ ವಲಯದ ಹೊರಗಿತ್ತು.

ಮೇ 4ರಂದು ರಕ್ಷಣಾ ಮಂತ್ರಿ ಜಾನ್ ನಾಟ್ ಸದನದಲ್ಲಿ ಹೇಳಿಕೆ ಕೊಟ್ಟರು. ಶತ್ರುವಿನ ಆ ತಂಡ ನಮ್ಮ ಪಡೆಯ ಕಡೆಗೆ ಸಾಗಿ ಬರುತ್ತಿತ್ತು, ನಮ್ಮವರಿಂದ ಕೆಲವೇ ಗಂಟೆಗಳ ದೂರದಲ್ಲಿತ್ತು ಎಂಬುದು ಅದರ ಸಾರಾಂಶ. ಅದೇ ದಿನ ಬ್ರಿಟನ್ನಿನ ಶೆಫೀಲ್ಡ್ ಹಡಗಿಗೆ ಕ್ಷಿಪಣಿ ಬಡಿದು 20 ಮಂದಿ ಸತ್ತರು. ಅಂಥ ಹೊತ್ತಿನಲ್ಲಿ ಮಂತ್ರಿಯ ಹೇಳಿಕೆಯನ್ನು ಕೆದಕುವವರು ಯಾರು?

ಒಬ್ಬರಿದ್ದರು. ಸ್ಕಾಟ್ಲೆಂಡಿನ ವೆಸ್ಟ್ ಲೋದಿಯನ್ ಕ್ಷೇತ್ರದ ಲೇಬರ್ ಸದಸ್ಯ ಟ್ಯಾಮ್ ಡೀಎಲ್. (ಅವರ ಹೆಸರಿನ ಸ್ಪೆಲ್ಲಿಂಗ್ ನೋಡಿ ಏನೇನೋ ಓದಿಕೊಳ್ಳಬೇಡಿ, ಉಚ್ಚಾರಣೆ ಹೀಗೆಯೇ.) ಹಳೆಯ ಜಹಗೀರಿನ ಮನೆತನ, ಈಟನ್ ಶಾಲೆಯಲ್ಲಿ ಓದು, ಆದರೆ ಸಮಾಜವಾದಿ. ನೌಕಾಪಡೆ ಕಳಿಸುವುದನ್ನು ವಿರೋಧಿಸಿ ತಮ್ಮ ಪಕ್ಷದ ಮುಂದಿನ ಬೆಂಚಿನ ಸ್ಥಾನವನ್ನೂ ಕಳೆದುಕೊಂಡಿದ್ದ ಮನುಷ್ಯ. ಜುಲೈ ತಿಂಗಳಲ್ಲಿ ಕಾಂಕರರ್ ಮರಳಿ ಬಂದಾಗ ಅದರ ನಾಯಕರು ದಾಳಿಯ ಆದೇಶ ಬಂದದ್ದು ಇಂಗ್ಲೆಂಡಿನ ಕೇಂದ್ರ ಕಚೇರಿಯಿಂದ ಎಂಬರ್ಥದ ಮಾತನ್ನು ಪತ್ರಕರ್ತರಿಗೆ ಹೇಳಿದ್ದರು. ಹಡಗಿನವರು ಆ ಕ್ಷಣದ ಅಪಾಯ ಕಂಡು ತಾವೇ ದಾಳಿ ಮಾಡಿದರೆಂಬ ಭಾವನೆಗೂ ಈ ಮಾತಿಗೂ ಹೊಂದಾಣಿಕೆಯಿರಲಿಲ್ಲ. ಡೀಎಲ್ ಲೇಖನಿ ಎತ್ತಿಕೊಂಡರು.

ಅವರ ಪ್ರಶ್ನೆಗಳ ಸ್ವಾರಸ್ಯ ಅವುಗಳ ಒಣಗಲುತನದಲ್ಲಿದೆ. ನೀವು ಸುಳ್ಳು ಹೇಳಿದಿರಾ ಎಂದು ಕೇಳಿದರೆ ಪ್ರಶ್ನೆ ಗುಮಾಸ್ತರ ಮೇಜನ್ನೇ ದಾಟುತ್ತಿರಲಿಲ್ಲ. ಹಡಗು ಕಂಡ ದಿನ ಯಾವುದು, ಗಂಟೆ ಎಷ್ಟು, ದಿಕ್ಕು ಯಾವುದು, ಆದೇಶ ಯಾವಾಗ ಬದಲಾಯಿತು: ಇಂಥವೇ. ಬೆಣ್ಣೆಯಲ್ಲಿ ಕೂದಲು ತೆಗೆಯುವ ಕೆಲಸ. 1982ರ ನವೆಂಬರ್ ಕೊನೆಯಲ್ಲಿ ರಕ್ಷಣಾ ಖಾತೆಯ ಪೀಟರ್ ಬ್ಲೇಕರ್ ಕೊಟ್ಟ ಲಿಖಿತ ಉತ್ತರದಲ್ಲಿ ಆ ಸಂಖ್ಯೆ ಬಂತು. ಅಂದು ಹಡಗು ಹಲವು ಸಲ ದಿಕ್ಕು ಬದಲಿಸಿತ್ತು, ಟಾರ್ಪೆಡೊ ಬಡಿದ ಹೊತ್ತಿನಲ್ಲಿ ಅದರ ದಿಕ್ಕು 280 ಡಿಗ್ರಿ.

ಶಾಲೆಯ ಭೂಗೋಳ ನೆನಪು ಮಾಡಿಕೊಳ್ಳಿ. ಉತ್ತರ ಸೊನ್ನೆ, ಪೂರ್ವ 90, ದಕ್ಷಿಣ 180, ಪಶ್ಚಿಮ 270. ಅಂದರೆ 280 ಎಂದರೆ ಪಶ್ಚಿಮಕ್ಕೆ ತುಸು ಉತ್ತರ. ಫಾಕ್‌ಲ್ಯಾಂಡ್ ದ್ವೀಪಗಳು ಅರ್ಜೆಂಟೀನಾದ ಪೂರ್ವಕ್ಕಿವೆ. ಬೆಲ್‌ಗ್ರಾನೊ ಇದ್ದದ್ದು ದ್ವೀಪಗಳ ನೈಋತ್ಯಕ್ಕೆ. ಹಾಗಿದ್ದಲ್ಲಿ ಅದು ಮುಖ ಮಾಡಿದ್ದು ತನ್ನ ದೇಶದ ತೀರದ ಕಡೆಗೆ! ಬ್ರಿಟಿಷ್ ಪಡೆಯ ಕಡೆಗೆ ಬರುತ್ತಿತ್ತೆಂಬ ಮೇ 4ರ ಹೇಳಿಕೆ ಒಂದು ಪುಟದಲ್ಲಿ, ಈ ಸಂಖ್ಯೆ ಇನ್ನೊಂದು ಪುಟದಲ್ಲಿ. ಎರಡೂ ಸರ್ಕಾರದ ಮಾತೇ, ಎರಡೂ ಅಚ್ಚಾಗಿವೆ.

ಮುಂದಿನ ಮೇ ತಿಂಗಳಲ್ಲಿ ಚುನಾವಣೆಯ ಪ್ರಚಾರ ನಡೆದಿತ್ತು. 1983ರ ಮೇ 24ರಂದು ಬಿಬಿಸಿಯ ನೇಷನ್‌ವೈಡ್ ಕಾರ್ಯಕ್ರಮದಲ್ಲಿ ಪ್ರಧಾನಿಗೆ ಸಾರ್ವಜನಿಕರು ಪ್ರಶ್ನೆ ಕೇಳುವ ಅವಕಾಶವಿತ್ತು. ಡಯಾನಾ ಗೌಲ್ಡ್ ಎಂಬ ಶಿಕ್ಷಕಿ ಎದ್ದು, ದ್ವೀಪಗಳಿಂದ ದೂರ ಹೋಗುತ್ತಿದ್ದ ಹಡಗನ್ನು ಯಾಕೆ ಮುಳುಗಿಸಿದಿರಿ ಎಂದು ಕೇಳಿದರು. ಅದು ದೂರ ಹೋಗುತ್ತಿರಲಿಲ್ಲ ಎಂದರು ಥ್ಯಾಚರ್. ಆಕೆ ಬಿಡಲಿಲ್ಲ, 280 ಡಿಗ್ರಿಯ ಲೆಕ್ಕವನ್ನೇ ಮುಂದಿಟ್ಟರು. ಸದನದಲ್ಲಿ ಘಟಾನುಘಟಿಗಳನ್ನು ಮಣಿಸುತ್ತಿದ್ದ ಪ್ರಧಾನಿ ಒಬ್ಬ ಮೇಷ್ಟರಮ್ಮನ ಮುಂದೆ ತಡಬಡಿಸಿದ್ದನ್ನು ದೇಶವೇ ನೋಡಿತು.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಲೇಬೇಕು. ವಲಯದ ಹೊರಗಿದ್ದರೂ ಅಪಾಯಕಾರಿ ಎನಿಸಿದ ಹಡಗಿನ ಮೇಲೆ ದಾಳಿ ಮಾಡಬಹುದೆಂದು ಬ್ರಿಟನ್ ಏಪ್ರಿಲ್ 23ರಂದೇ ಎಚ್ಚರಿಕೆ ಕೊಟ್ಟಿತ್ತು. ಹಡಗು ಯಾವ ಗಳಿಗೆಯಲ್ಲಾದರೂ ದಿಕ್ಕು ಬದಲಿಸಬಹುದಿತ್ತು. ಬೆಲ್‌ಗ್ರಾನೊದ ನಾಯಕ ಹೆಕ್ಟರ್ ಬೊನ್ಜೊ ಅವರೇ ಮುಂದೆ ಆ ದಾಳಿಯನ್ನು ಯುದ್ಧದ ಕೃತ್ಯವೆಂದು ಒಪ್ಪಿದರು. ದಾಳಿ ಸರಿಯೋ ತಪ್ಪೋ ಎಂಬುದು ಒಂದು ಚರ್ಚೆ. ಸದನಕ್ಕೆ ನಿಜ ಹೇಳಿದರೋ ಇಲ್ಲವೋ ಎಂಬುದು ಬೇರೆಯೇ ಚರ್ಚೆ. ಸಮರ್ಥಿಸಿಕೊಳ್ಳಬಹುದಾಗಿದ್ದ ಕೃತ್ಯಕ್ಕೂ ಸರ್ಕಾರ ಅರೆನಿಜದ ಹೊದಿಕೆ ಹೊದಿಸಿತು, ಆಮೇಲೆ ಆ ಹೊದಿಕೆಯನ್ನು ಕಾಪಾಡುವುದೇ ಒಂದು ಕೆಲಸವಾಯಿತು.

ಕರಡು ಬರೆದವನ ಕಥೆ

ಆ ಕಾಪಾಡುವ ಕೆಲಸ ಯಾರ ಮೇಜಿನ ಮೇಲೆ ಬಂತು ಗೊತ್ತೇ? ರಕ್ಷಣಾ ಇಲಾಖೆಯ ಹಿರಿಯ ಅಧಿಕಾರಿ ಕ್ಲೈವ್ ಪಾಂಟಿಂಗ್ ಅವರ ಮೇಜಿಗೆ. ಇಲಾಖೆಯಲ್ಲಿ ದುಂದುವೆಚ್ಚ ಕಡಿಮೆ ಮಾಡುವ ಸಲಹೆ ಕೊಟ್ಟು ಸ್ವತಃ ಥ್ಯಾಚರ್ ಅವರ ಮೆಚ್ಚುಗೆ ಗಳಿಸಿದ್ದ ವ್ಯಕ್ತಿ ಅವರು. 1984ರ ಮಾರ್ಚಿನಲ್ಲಿ ಡೀಎಲ್ ಹೊಸ ರಕ್ಷಣಾ ಮಂತ್ರಿ ಮೈಕೆಲ್ ಹೆಸೆಲ್ಟೈನ್ ಅವರಿಗೆ ಮತ್ತೊಂದು ಪ್ರಶ್ನಾವಳಿ ಕಳಿಸಿದರು. ಆ ಹೊತ್ತಿಗೆ ಮಂತ್ರಿಗಳಿಗೂ ನಿಜಸಂಗತಿ ಪೂರ್ತಿ ತಿಳಿಯಬೇಕಿತ್ತು. ಪಾಂಟಿಂಗ್ ರಹಸ್ಯ ಕಡತಗಳನ್ನೆಲ್ಲ ಓದಿ ಗಂಟೆಗಂಟೆಯ ವಿವರ ಸಿದ್ಧಪಡಿಸಿದರು. ಇಲಾಖೆಯಲ್ಲಿ ಅದಕ್ಕೆ 'ರಾಜಕಿರೀಟದ ಆಭರಣ' ಎಂಬರ್ಥದ ಅಡ್ಡಹೆಸರು ಬಿತ್ತು. ಹಡಗು ಕಂಡದ್ದು ಮೇ 2ರಂದು ಎಂದು 1982ರ ಡಿಸೆಂಬರಿನ ಶ್ವೇತಪತ್ರ ಹೇಳಿತ್ತು. ಮೇ 1ರಂದೇ ಕಂಡಿತ್ತೆಂದು 1984ರ ಏಪ್ರಿಲಿನಲ್ಲಿ ಪ್ರಧಾನಿ ಪತ್ರ ಮುಖೇನ ಒಪ್ಪಬೇಕಾಯಿತು. ಉಳಿದ ಪ್ರಶ್ನೆಗಳಿಗೂ ಉತ್ತರಿಸಬಹುದೆಂದು ಪಾಂಟಿಂಗ್ ಕರಡು ಬರೆದುಕೊಟ್ಟರು. ಮೇಲಿನವರು ಅದನ್ನು ಬದಿಗೆ ಸರಿಸಿದರು.

ಜುಲೈ ತಿಂಗಳಲ್ಲಿ ಪಾಂಟಿಂಗ್ ಎರಡು ದಾಖಲೆಗಳನ್ನು ಲಕೋಟೆಗೆ ಹಾಕಿ, ಹೆಸರು ಬರೆಯದೆ, ಡೀಎಲ್ ಅವರಿಗೆ ಅಂಚೆಯಲ್ಲಿ ಕಳಿಸಿದರು. ಡೀಎಲ್ ಅವನ್ನು ಸಂಸತ್ತಿನ ವಿದೇಶಾಂಗ ಸಮಿತಿಯ ಅಧ್ಯಕ್ಷರಿಗೆ ಕೊಟ್ಟರು. ಅಧ್ಯಕ್ಷರು ನೇರವಾಗಿ ರಕ್ಷಣಾ ಇಲಾಖೆಗೇ ಹಿಂದಿರುಗಿಸಿದರು! ಪಾಂಟಿಂಗ್ ಸಿಕ್ಕಿಬಿದ್ದರು. 1911ರ ಅಧಿಕೃತ ರಹಸ್ಯಗಳ ಕಾಯಿದೆಯ ಎರಡನೆಯ ಕಲಮಿನಡಿ ಮೊಕದ್ದಮೆ ಹೂಡಲಾಯಿತು.

1985ರ ಆರಂಭದಲ್ಲಿ ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ವಿಚಾರಣೆ. ದಾಖಲೆ ಕಳಿಸಿದ್ದನ್ನು ಪಾಂಟಿಂಗ್ ಅಲ್ಲಗಳೆಯಲಿಲ್ಲ. ಸಂಸತ್ ಸದಸ್ಯರಿಗೆ ನಿಜ ತಿಳಿಸುವುದು ರಾಜ್ಯದ ಹಿತವೇ ಎಂಬುದು ಅವರ ವಾದ. ರಾಜ್ಯದ ಹಿತವೆಂದರೆ ಆಗಿನ ಸರ್ಕಾರದ ನೀತಿಯೇ ಎಂಬರ್ಥದಲ್ಲಿ ನ್ಯಾಯಮೂರ್ತಿ ಮೆಕೋವನ್ ತೀರ್ಪುಗಾರರಿಗೆ ಸೂಚನೆ ಕೊಟ್ಟರು. ಆ ಮಾತಿನ ಪ್ರಕಾರ ಶಿಕ್ಷೆ ಖಂಡಿತವೆಂದು ಎಲ್ಲರೂ ಭಾವಿಸಿದ್ದರು. ಫೆಬ್ರವರಿ 11ರಂದು ಜ್ಯೂರಿಯಲ್ಲಿದ್ದ ಸಾಮಾನ್ಯ ನಾಗರಿಕರು ಪಾಂಟಿಂಗ್ ನಿರ್ದೋಷಿ ಎಂದರು. ಸರ್ಕಾರ ಬೇರೆ, ರಾಜ್ಯ ಬೇರೆ ಎಂದು ಹೇಳಲು ಅವರಿಗೆ ರಾಜ್ಯಶಾಸ್ತ್ರದ ಪದವಿ ಬೇಕಾಗಲಿಲ್ಲ.

ಥ್ಯಾಚರ್ ಸರ್ಕಾರ ಉರುಳಲಿಲ್ಲ. ಯಾವ ಮಂತ್ರಿಯೂ ರಾಜೀನಾಮೆ ಕೊಡಲಿಲ್ಲ. ಪಾಂಟಿಂಗ್ ಕೆಲಸ ಬಿಟ್ಟು ಇತಿಹಾಸದ ಪುಸ್ತಕ ಬರೆಯುತ್ತ ಉಳಿದರು, 2020ರಲ್ಲಿ ತೀರಿಕೊಂಡರು. 1989ರ ಹೊಸ ರಹಸ್ಯ ಕಾಯಿದೆ ಬಂದಾಗ ಸಾರ್ವಜನಿಕ ಹಿತದ ವಾದಕ್ಕೆ ಅದರಲ್ಲಿ ಜಾಗವೇ ಸಿಗಲಿಲ್ಲ. ಹಾಗಾದರೆ ಡೀಎಲ್ ಗೆದ್ದದ್ದೇನು ಎಂದು ನೀವು ಕೇಳಬಹುದು. ಗೆದ್ದದ್ದು ಇಷ್ಟು: ಇಂದು ಬೆಲ್‌ಗ್ರಾನೊ ಬಗ್ಗೆ ಬರೆಯುವ ಯಾರೂ ಮೇ 4ರ ಹೇಳಿಕೆಯನ್ನು ನಿಜವೆಂದು ಹಾಗೆಯೇ ನಕಲು ಮಾಡುವಂತಿಲ್ಲ. 323 ಮಂದಿಯ ಸಾವಿನ ಪಕ್ಕದಲ್ಲಿ ನಿಜವಾದ ದಿಕ್ಕು ಬರೆದಿಡಲಾಗಿದೆ.

ಒಂದು ಮತದ ಅಂತರ

ಸರ್ಕಾರ ಪಾಠ ಕಲಿಯಿತೇ? 1985ರ ಅಕ್ಟೋಬರಿನಲ್ಲಿ, ಪಾಂಟಿಂಗ್ ತೀರ್ಪಿನ ವರ್ಷವೇ, ಇರಾನ್-ಇರಾಕ್ ಯುದ್ಧಕ್ಕೆ ರಕ್ಷಣಾ ಸಾಮಗ್ರಿ ಮಾರುವ ಬಗ್ಗೆ ತನ್ನ ನಿಯಮಗಳನ್ನು ಅದು ಪ್ರಕಟಿಸಿತು. ಪ್ರಕಟಿಸಿದ್ದು ಲಿಖಿತ ಉತ್ತರದ ಮೂಲಕವೇ. 1988ರಲ್ಲಿ ಯುದ್ಧ ನಿಂತ ಮೇಲೆ ಮೂವರು ಕಿರಿಯ ಮಂತ್ರಿಗಳು ಇರಾಕಿನ ಮಟ್ಟಿಗೆ ಆ ನಿಯಮಗಳನ್ನು ಸದ್ದಿಲ್ಲದೆ ಸಡಿಲಿಸಿದರು. ಸದಸ್ಯರು ಕೇಳಿದಾಗಲೆಲ್ಲ ನಿಯಮ ಬದಲಾಗಿಲ್ಲ ಎಂಬ ಉತ್ತರವೇ ಹೋಗುತ್ತಿತ್ತು. ಇತ್ತ ಕೊವೆಂಟ್ರಿಯ ಮ್ಯಾಟ್ರಿಕ್ಸ್ ಚರ್ಚಿಲ್ ಕಂಪನಿಯ ಯಂತ್ರಗಳು ಇರಾಕಿಗೆ ಹೋಗುತ್ತಿದ್ದವು.

ಮುಂದೆ ಅದೇ ಕಂಪನಿಯ ಅಧಿಕಾರಿಗಳ ಮೇಲೆ ನಿಯಮ ಮುರಿದರೆಂದು ಮೊಕದ್ದಮೆ ನಡೆಯಿತು. ಶಿಕ್ಷೆಯಾಗಿದ್ದರೆ ಅವರು ಜೈಲಿಗೆ ಹೋಗುತ್ತಿದ್ದರು. 1992ರ ನವೆಂಬರಿನಲ್ಲಿ ಮಾಜಿ ಮಂತ್ರಿ ಅಲನ್ ಕ್ಲಾರ್ಕ್ ನ್ಯಾಯಾಲಯದಲ್ಲಿ ತಾವು ಸತ್ಯವನ್ನು ಜಿಪುಣತನದಿಂದ ಬಳಸಿದ್ದೆವೆಂಬ ಧಾಟಿಯಲ್ಲಿ ಒಪ್ಪಿಕೊಂಡಾಗ ಮೊಕದ್ದಮೆ ಕುಸಿದುಬಿತ್ತು. ನ್ಯಾಯಮೂರ್ತಿ ರಿಚರ್ಡ್ ಸ್ಕಾಟ್ ಅವರ ವಿಚಾರಣೆ ಮೂರು ವರ್ಷ ನಡೆದು, 1996ರ ಫೆಬ್ರವರಿ 15ರಂದು ಐದು ಸಂಪುಟಗಳ ವರದಿ ಹೊರಬಂತು. ಸಂಸತ್ತಿಗೆ ಉತ್ತರ ಹೇಳುವ ಹೊಣೆಯನ್ನು ಸರ್ಕಾರದ ಹೇಳಿಕೆಗಳು ಪದೇ ಪದೇ ನಿಭಾಯಿಸಲಿಲ್ಲ ಎಂದು ಅದು ಬರೆಯಿತು. ಮಂತ್ರಿ ವಿಲಿಯಂ ವಾಲ್ಡ್‌ಗ್ರೇವ್ ಅವರಿಗೆ ವಂಚಿಸುವ ಉದ್ದೇಶವಿರಲಿಲ್ಲ ಎಂಬುದನ್ನೂ ಒಪ್ಪಿತು. ಫೆಬ್ರವರಿ 26ರಂದು ಸದನದಲ್ಲಿ ಸರ್ಕಾರ ಉಳಿದುಕೊಂಡದ್ದು 320ಕ್ಕೆ 319ರಂತೆ, ಒಂದೇ ಒಂದು ಮತದಿಂದ.

ಇದರ ಫಲವಾಗಿ 1997ರ ಮಾರ್ಚ್ 19ರಂದು ಕಾಮನ್ಸ್ ಸಭೆ ಒಂದು ನಿರ್ಣಯ ಮಾಡಿತು. ಮಂತ್ರಿಗಳು ಸಂಸತ್ತಿಗೆ ನಿಖರವಾದ, ಸತ್ಯವಾದ ಮಾಹಿತಿ ಕೊಡಬೇಕು. ತಿಳಿಯದೆ ತಪ್ಪಾದರೆ ಆದಷ್ಟು ಬೇಗ ತಿದ್ದಬೇಕು. ತಿಳಿದೂ ದಾರಿ ತಪ್ಪಿಸಿದವರು ರಾಜೀನಾಮೆ ಕೊಡಬೇಕೆಂದು ನಿರೀಕ್ಷಿಸಲಾಗುತ್ತದೆ. ಶತಮಾನಗಳಿಂದ ರೂಢಿಯಲ್ಲಿದ್ದುದನ್ನು ಸದನ ಹೀಗೆ ಕಪ್ಪು-ಬಿಳುಪಿನಲ್ಲಿ ಬರೆದಿಟ್ಟದ್ದು ಆಗಲೇ.

ಪ್ರಶ್ನೆಗೂ ಬೆಲೆ ಕಟ್ಟಿದವರು

ಈ ಕಥೆಯಲ್ಲಿ ಸದಸ್ಯರೆಲ್ಲ ಹರಿಶ್ಚಂದ್ರರಲ್ಲ. 1994ರಲ್ಲಿ ಇಲ್ಲಿನ ಇಬ್ಬರು ಸದಸ್ಯರು ಒಂದು ಪ್ರಶ್ನೆ ಕೇಳಲು ಸಾವಿರ ಪೌಂಡ್ ಪಡೆಯಲು ಒಪ್ಪಿ, ಪತ್ರಕರ್ತರ ಬಲೆಗೆ ಬಿದ್ದು ಅಮಾನತಾದರು. 2005ರ ಡಿಸೆಂಬರಿನಲ್ಲಿ ದೆಹಲಿಯಲ್ಲೂ ಅದೇ ಆಟ, ಗುಪ್ತ ಕ್ಯಾಮೆರಾದ ಮುಂದೆ. ಡಿಸೆಂಬರ್ 23ರಂದು ಲೋಕಸಭೆಯ 10 ಮತ್ತು ರಾಜ್ಯಸಭೆಯ ಒಬ್ಬ ಸದಸ್ಯರನ್ನು ಹೊರಹಾಕಲಾಯಿತು. ಅವಮಾನದ ಸಂಗತಿಯೇ. ಆದರೂ ಯೋಚಿಸಿ, ಬೆಲೆಯಿಲ್ಲದ ವಸ್ತುವನ್ನು ಯಾರಾದರೂ ಲಂಚ ಕೊಟ್ಟು ಕೊಳ್ಳುತ್ತಾರೆಯೇ?

ಉತ್ತರವೇ ಇಲ್ಲದ ಉತ್ತರಕ್ಕೂ ಬೆಲೆಯಿದೆ. 2020ರ ಸೆಪ್ಟೆಂಬರಿನಲ್ಲಿ ಕೊರೋನಾ ಕಾರಣದಿಂದ ಭಾರತದ ಸಂಸತ್ತು ಪ್ರಶ್ನೋತ್ತರ ವೇಳೆಯನ್ನು ಕೈಬಿಟ್ಟಿತು. ಚುಕ್ಕೆಯಿಲ್ಲದ ಪ್ರಶ್ನೆಗಳಿಗೆ ಲಿಖಿತ ಉತ್ತರ ಮಾತ್ರ ಮುಂದುವರಿಯಿತು. ಲಾಕ್‌ಡೌನಿನಲ್ಲಿ ಊರಿಗೆ ಮರಳುತ್ತ ಸತ್ತ ವಲಸೆ ಕಾರ್ಮಿಕರೆಷ್ಟು ಎಂದು ಕೇಳಿದಾಗ, ಅಂಥ ಅಂಕಿಅಂಶ ಇಟ್ಟಿಲ್ಲ ಎಂಬ ಉತ್ತರ ಕಾರ್ಮಿಕ ಇಲಾಖೆಯಿಂದ ಬಂತು. ಎಣಿಸಲಿಲ್ಲ ಎಂಬುದನ್ನು ಸರ್ಕಾರವೇ ತನ್ನ ಹೆಸರಿನಲ್ಲಿ ಬರೆದುಕೊಟ್ಟಂತಾಯಿತು. ಹೆದ್ದಾರಿಗಳಲ್ಲಿ ಗಂಟುಮೂಟೆ ಹೊತ್ತು ನಡೆದವರ ಚಿತ್ರಗಳ ಪಕ್ಕದಲ್ಲಿ ಈ ಒಂದು ಸಾಲನ್ನಿಟ್ಟು ಮುಂದಿನ ಇತಿಹಾಸಕಾರರು ಓದುತ್ತಾರೆ.

ಓದುವವರ ಪಾಲು

ಸಾಹಿತ್ಯ ಬಳಗಕ್ಕೆ ಈ ರಾಜಕೀಯವೇಕೆ ಎಂದು ಕೆಲವರು ಹುಬ್ಬೇರಿಸಬಹುದು. ನಮಗೆ ಇದು ಮೂಲತಃ ಓದಿನ ವಿಷಯವೆಂದೇ ತೋರುತ್ತದೆ. ಹೇಳಿದ ಮಾತಿನ ಹಿಂದೆ ಹೇಳದೆ ಉಳಿದದ್ದನ್ನು ಕೇಳಿಸಿಕೊಳ್ಳುವುದಕ್ಕೆ ನಮ್ಮ ಕಾವ್ಯಮೀಮಾಂಸೆಯಲ್ಲಿ ಧ್ವನಿ ಎಂದು ಹೆಸರು. ಮಂತ್ರಿಗಳ ಉತ್ತರಕ್ಕೂ ಧ್ವನಿಯಿದೆ. ಎಷ್ಟು ಎಂದು ಕೇಳಿದರೆ ಯಾಕೆ ಎಂದು ಉತ್ತರಿಸಿದ್ದಾರೆಯೇ? ಈ ವರ್ಷದ ಲೆಕ್ಕ ಕೇಳಿದರೆ ಹತ್ತು ವರ್ಷದ ಮೊತ್ತ ಕೊಟ್ಟಿದ್ದಾರೆಯೇ? ಹೋದ ಸಲ ಇದ್ದ ಒಂದು ಪದ ಈ ಸಲ ಯಾಕೆ ಮಾಯವಾಯಿತು? ಫಿರೋಜ್ ಗಾಂಧಿ, ಟ್ಯಾಮ್ ಡೀಎಲ್ ಇಬ್ಬರೂ ಮಾಡಿದ್ದು ಇದನ್ನೇ. ಎರಡು ಉತ್ತರಗಳನ್ನು ಪಕ್ಕಪಕ್ಕದಲ್ಲಿಟ್ಟು ನಿಧಾನವಾಗಿ ಓದಿದರು. ಒಂದೇ ಉತ್ತರದಿಂದ ಸತ್ಯ ಹೊರಬರುವುದು ಅಪರೂಪ. ಎರಡನೆಯದು, ಮೂರನೆಯದು ಬಂದಾಗ ಮೊದಲಿನದರ ಬಣ್ಣ ತಿಳಿಯುತ್ತದೆ. ಅದಕ್ಕೆ ಹಳೆಯದನ್ನು ನೆನಪಿಟ್ಟುಕೊಂಡವರು ಬೇಕು.

ಇದರಲ್ಲಿ ನಮ್ಮಂಥ ಪರದೇಶವಾಸಿಗಳಿಗೂ ಪಾಲಿದೆ. ಕಾಮನ್‌ವೆಲ್ತ್ ದೇಶದ ಪ್ರಜೆಗಳಾದ್ದರಿಂದ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಇಲ್ಲಿ ಕಾನೂನುಬದ್ಧವಾಗಿ ನೆಲೆಸಿದವರೂ ಈ ದೇಶದ ಸಂಸತ್ ಚುನಾವಣೆಯಲ್ಲಿ ಮತ ಹಾಕಬಹುದು. ಮತ ಹಾಕಿರಲಿ ಬಿಡಲಿ, ಕ್ಷೇತ್ರದ ಸದಸ್ಯರು ಅಲ್ಲಿ ವಾಸಿಸುವ ಎಲ್ಲರ ಪ್ರತಿನಿಧಿ. ಮಂತ್ರಿಯನ್ನು ನಾವು ನೇರವಾಗಿ ಸದನದಲ್ಲಿ ಕೇಳಲಾರೆವು, ಆದರೆ ನಮ್ಮ ಪರವಾಗಿ ಲಿಖಿತ ಪ್ರಶ್ನೆ ಹಾಕಿ ಎಂದು ನಮ್ಮ ಎಂಪಿಗೆ ಬರೆಯಬಹುದು. ವೀಸಾ ಶುಲ್ಕವಿರಲಿ, ಆಸ್ಪತ್ರೆಯ ಕಾಯುವ ಪಟ್ಟಿಯಿರಲಿ, ಮಕ್ಕಳ ಶಾಲೆಯಲ್ಲಿ ಭಾರತೀಯ ಭಾಷೆಗಳ ಪರೀಕ್ಷೆಯಿರಲಿ. 2005ರಲ್ಲಿ ಈ ದೇಶಕ್ಕೂ ಭಾರತಕ್ಕೂ ಮಾಹಿತಿ ಹಕ್ಕಿನ ಕಾಯಿದೆಗಳು ಜಾರಿಗೆ ಬಂದವು, ಅವೂ ಒಳ್ಳೆಯ ಅಸ್ತ್ರಗಳೇ. ಆದರೆ ಅಲ್ಲಿ ಉತ್ತರಿಸುವವರು ಅಧಿಕಾರಿಗಳು, ಇಲ್ಲಿ ಹೆಸರು ಹಾಕುವವರು ಮಂತ್ರಿಗಳು.

ಬರೆಯುವಾಗ ಡೀಎಲ್ ಅವರ ಒಣ ಪ್ರಶ್ನೆಗಳನ್ನು ನೆನೆಯಿರಿ. ಸಿಟ್ಟು ಬೇಡ, ಭಾಷಣ ಬೇಡ. ದಿನ ಯಾವುದು, ಸಂಖ್ಯೆ ಎಷ್ಟು, ಯಾರು ತೀರ್ಮಾನಿಸಿದರು ಎಂದಷ್ಟೇ ಕೇಳಿ. ಉತ್ತರ ಬಂದ ಮೇಲೆ ಅದನ್ನು ಒಂದು ಕಡೆ ತೆಗೆದಿಡಿ. ಒಂದೆರಡು ವರ್ಷದ ಮೇಲೆ ಅದೇ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿಸಿ, ಎರಡನ್ನೂ ಓದಿ ನೋಡಿ.